ಬಿಸಿಲಿನಲ್ಲಿ ಬೇಳೆ ಬೇಯುವುದೇ?

ಬಿಸಿಲನ್ನು ಅಡುಗೆಮನೆಯ ಕೆಲಸಕ್ಕೆ ಹಚ್ಚುವುದು ನಮಗೆ ಹೊಸದೇನಲ್ಲ. ಹಪ್ಪಳ, ಸಂಡಿಗೆ, ಬಾಳಕದ ಮೆಣಸಿನಕಾಯಿ ಎಲ್ಲವೂ ಮಾಳಿಗೆಯ ಬಿಸಿಲಿನ ಕೃಪೆಯೇ. ಆದರೆ ಅದೇ ಬಿಸಿಲು ಅನ್ನ ಮಾಡೀತೇ, ಬೇಳೆ ಬೇಯಿಸೀತೇ ಎಂದರೆ ಕೆಲವರು ನಗುತ್ತಾರೆ; ಇನ್ನು ಕೆಲವರು, "ನಮ್ಮ ಅಟ್ಟದ ಮೇಲೂ ಒಂದು ಸೋಲಾರ್ ಕುಕ್ಕರ್ ಧೂಳು ತಿನ್ನುತ್ತಿದೆ" ಎನ್ನುತ್ತಾರೆ. ಈ ಒಲೆ ಕೆಲಸಕ್ಕೆ ಬರುತ್ತದೋ ಇಲ್ಲವೋ ಎಂಬ ಪ್ರಶ್ನೆಗೆ ಎರಡೂವರೆ ಶತಮಾನದ ಇತಿಹಾಸವಿದೆ. ಅದನ್ನು ಓದುತ್ತ ಹೋದಂತೆ ಒಲೆಗಿಂತ, ಒಲೆಯನ್ನು ಪರೀಕ್ಷಿಸಿದ ರೀತಿಯೇ ನನಗೆ ಹೆಚ್ಚು ಸ್ವಾರಸ್ಯವಾಗಿ ಕಂಡಿತು.

ಮೊದಲ ಪರೀಕ್ಷೆ ನಡೆದದ್ದು 1767ರಲ್ಲಿ, ಸ್ವಿಟ್ಜರ್ಲೆಂಡಿನ ಜಿನೀವಾದಲ್ಲಿ. ಹೊರೇಸ್ ದ ಸೊಸ್ಯೂರ್ ಎಂಬ ವಿಜ್ಞಾನಿ ಒಂದರೊಳಗೊಂದು ಕೂರುವ ಐದು ಗಾಜಿನ ಪೆಟ್ಟಿಗೆಗಳನ್ನು ಕಪ್ಪು ಮೇಜಿನ ಮೇಲಿಟ್ಟು ಬಿಸಿಲಿಗೆ ಒಡ್ಡಿದ. ಎಲ್ಲಕ್ಕೂ ಒಳಗಿನ ಪೆಟ್ಟಿಗೆಯಲ್ಲಿ ಉಷ್ಣತೆ 87 ಡಿಗ್ರಿ ಸೆಲ್ಸಿಯಸ್ ದಾಟಿತು. ಒಳಗಿಟ್ಟ ಹಣ್ಣು ಬೆಂದಿತು. ಆಮೇಲೆ ಮರದ ಪೆಟ್ಟಿಗೆ ಮಾಡಿಸಿ, ಬಿಸಿ ಸೋರದಂತೆ ಸುತ್ತಲೂ ತುಂಬಿಸಿದಾಗ ಅದು 109ಕ್ಕೆ ಏರಿತು. 1774ರಲ್ಲಿ ಅವನು ಇಂಥ ಪೆಟ್ಟಿಗೆಯನ್ನು ಆಲ್ಪ್ಸ್ ಪರ್ವತದ ಕ್ರಾಮಾಂಟ್ ಶಿಖರಕ್ಕೆ ಹೊತ್ತುಕೊಂಡು ಹೋದ. ಹೊರಗೆ ಕೊರೆಯುವ ಚಳಿ, ಪೆಟ್ಟಿಗೆಯೊಳಗೆ ಮಾತ್ರ ಕೆಳಗಿನ ಊರಿನಲ್ಲಿ ಇದ್ದಷ್ಟೇ ಬಿಸಿ. ಕಾಯಿಸುವುದು ಸುತ್ತಲಿನ ಗಾಳಿಯಲ್ಲ, ಬಿಸಿಲು ಎಂಬುದು ಆಗ ಖಚಿತವಾಯಿತು. ನಮ್ಮಲ್ಲಿ ಡಿಸೆಂಬರ್ ತಿಂಗಳ ತಿಳಿಬಿಸಿಲಿನಲ್ಲೂ ಈ ಒಲೆ ನಡೆಯುವ ಗುಟ್ಟು ಇದೇ.

ಸೊಸ್ಯೂರ್ ಅಳೆದದ್ದು ಉಷ್ಣತೆಯನ್ನು. ಆದರೆ ಮನೆಯೊಡತಿಯ ಪ್ರಶ್ನೆಯೇ ಬೇರೆ: ಎಷ್ಟು ಮಂದಿಗೆ, ಎಷ್ಟು ಹೊತ್ತಿಗೆ? ಆ ಪ್ರಶ್ನೆಗೆ ಉತ್ತರ ಕೊಟ್ಟವನು ಬೊಂಬಾಯಿಯಲ್ಲಿದ್ದ ವಿಲಿಯಂ ಆಡಮ್ಸ್ ಎಂಬ ಆಂಗ್ಲ ಅಧಿಕಾರಿ. ಎಂಟು ಮೂಲೆಗಳ ಕನ್ನಡಿಯ ಒಲೆಯೊಂದನ್ನು ಕಟ್ಟಿ, ಜನವರಿಯ ಬಿಸಿಲಿನಲ್ಲಿ ಏಳು ಜನ ಸಿಪಾಯಿಗಳ ಅಡುಗೆಯನ್ನು ಎರಡು ಗಂಟೆಯಲ್ಲಿ ಮುಗಿಸಿದನೆಂದು ಅವನು 1878ರಲ್ಲಿ ಪ್ರಕಟಿಸಿದ. ಡಿಗ್ರಿಗಳ ಲೆಕ್ಕ ಹೋಗಿ ಊಟದ ಲೆಕ್ಕ ಬಂದಿತ್ತು!

ಆ ಲೆಕ್ಕ ಮುಂದೆ ಮರೆತುಹೋದಂತೆ ತೋರುತ್ತದೆ. 1950ರ ದಶಕದಲ್ಲಿ ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯ ಬೋಗುಣಿಯಾಕಾರದ ಕನ್ನಡಿಯ ಸೌರ ಒಲೆಯನ್ನು ರೂಪಿಸಿತು. ಅದರ ಬಿಸಿಯ ಬಗ್ಗೆ ಯಾರೂ ಆಕ್ಷೇಪಿಸುವಂತಿರಲಿಲ್ಲ. ಆದರೂ ಮಾರುಕಟ್ಟೆಯಲ್ಲಿ ಅದು ಸೋತಿತು. ಸೂರ್ಯ ಸರಿದಂತೆಲ್ಲ ಕನ್ನಡಿಯನ್ನೂ ತಿರುಗಿಸುತ್ತ ಇರಬೇಕು, ಒಲೆಯ ಮುಂದಿರುವವಳು ಬಿಸಿಲಿನಲ್ಲೇ ನಿಲ್ಲಬೇಕು, ರಾತ್ರಿಯ ಅಡುಗೆಗೆ ಅದು ಬಾರದು. ಮೇಲಾಗಿ ಹಳ್ಳಿಯಲ್ಲಿ ಸೌದೆ, ಬೆರಣಿಗಳಿಗೆ ಕಾಸು ಕೊಡಬೇಕಿರಲಿಲ್ಲ. ಹೆಂಗಸರು ಹಳೆಯ ಪದ್ಧತಿ ಬಿಡುವುದಿಲ್ಲ ಎಂಬ ದೂರು ಇಂಥ ಕಡೆ ಸುಲಭವಾಗಿ ಕೇಳಿಬರುತ್ತದೆ. ಆದರೆ ನೋಡಿ, ಅವರೂ ಪರೀಕ್ಷೆ ಮಾಡಿಯೇ ಅಂಕ ಕೊಟ್ಟಿದ್ದರು. ಅವರ ಪ್ರಶ್ನೆಪತ್ರಿಕೆ ಪ್ರಯೋಗಾಲಯದ್ದಾಗಿರಲಿಲ್ಲ, ಅಷ್ಟೇ.

1976ರಲ್ಲಿ ಅಮೆರಿಕದ ಅರಿಜೋನಾದ ಬಾರ್ಬರಾ ಕೆರ್ ಮತ್ತು ಶೆರಿ ಕೋಲ್ ಎಂಬಿಬ್ಬರು ಮಹಿಳೆಯರು ರಟ್ಟಿನ ಪೆಟ್ಟಿಗೆ, ಗಾಜು, ಅಲ್ಯೂಮಿನಿಯಂ ಹಾಳೆಗಳಿಂದ ಯಾರು ಬೇಕಾದರೂ ಮನೆಯಲ್ಲೇ ಮಾಡಿಕೊಳ್ಳಬಹುದಾದ ಒಲೆಯೊಂದನ್ನು ಸಿದ್ಧಪಡಿಸಿ, ಅದರಲ್ಲಿ ಅಡುಗೆ ಮಾಡಿ ತೋರಿಸಿದರು. ಕೈಯಲ್ಲಿ ಮಾಡಿದ ಒಲೆಗಳು ಊರೂರಿಗೆ ಹಬ್ಬಿದವು. ಆಗ ಹೊಸ ತೊಡಕು ಎದ್ದಿತು. ಒಬ್ಬೊಬ್ಬರ ಪೆಟ್ಟಿಗೆ ಒಂದೊಂದು ಅಳತೆ, ಒಂದೊಂದು ಊರಿನ ಬಿಸಿಲು. ಯಾವುದು ಮೇಲು ಎಂದು ಹೇಳುವುದು ಹೇಗೆ?

ನಮ್ಮ ದೇಶದವರು ಇದಕ್ಕೆ ಕೊಟ್ಟ ಉತ್ತರ ಹೆಮ್ಮೆಪಡುವಂಥದ್ದು. 1987ರಲ್ಲಿ ದೆಹಲಿಯ ಐಐಟಿಯ ಮುಲ್ಲಿಕ್, ಕಾಂಡಪಾಲ್ ಮತ್ತು ಸಕ್ಸೇನಾ ಅವರು ಪೆಟ್ಟಿಗೆ ಒಲೆಗೆ ಎರಡು ಪರೀಕ್ಷೆಗಳನ್ನು ಸೂಚಿಸಿದರು: ಒಂದು ಖಾಲಿ ಒಲೆಗೆ, ಇನ್ನೊಂದು ನೀರು ತುಂಬಿದ ಪಾತ್ರೆಗಳನ್ನಿಟ್ಟ ಒಲೆಗೆ. 1992ರಲ್ಲಿ ಭಾರತೀಯ ಮಾನಕ ಬ್ಯೂರೋ ಸೋಲಾರ್ ಕುಕ್ಕರಿಗೆ ಮಾನದಂಡ ತಂದಿತು. 1997ರ ಜನವರಿಯಲ್ಲಿ ಸೌರ ಅಡುಗೆಯ ವಿಶ್ವ ಸಮ್ಮೇಳನ ಕೊಯಮತ್ತೂರಿನ ಅವಿನಾಶಿಲಿಂಗಂ ಸಂಸ್ಥೆಯಲ್ಲಿ ಸೇರಿ, ಎಲ್ಲ ಬಗೆಯ ಸೌರ ಒಲೆಗಳಿಗೂ ಹೊಂದುವ ಅಂತರರಾಷ್ಟ್ರೀಯ ಪರೀಕ್ಷಾ ಕ್ರಮವನ್ನು ಒಪ್ಪಿತು. ಗೃಹವಿಜ್ಞಾನ ಕಲಿಸುವ ಹೆಣ್ಣುಮಕ್ಕಳ ಸಂಸ್ಥೆಯಲ್ಲಿ ಈ ಕೆಲಸ ನಡೆದದ್ದು ನನಗಂತೂ ಬಹಳ ಹಿಡಿಸಿತು.

ಆ ಕ್ರಮದ ತಿರುಳು ಸರಳ. ಖಾಲಿ ಒಲೆಯ ಬಿಸಿ ನೋಡಿ ಮರುಳಾಗಬೇಡಿ, ನೀರಿಟ್ಟು ನೋಡಿ ಎನ್ನುತ್ತದೆ ಅದು. ಒಂಬತ್ತನೆಯ ತರಗತಿಯ ಮಕ್ಕಳಿಂದ ಒಲೆ ಮಾಡಿಸುವಾಗಲೆಲ್ಲ ನಾನು ಇದನ್ನು ಕಂಡಿದ್ದೇನೆ. ಚಿಕ್ಕದಾಗಿ, ಸಂದಿಲ್ಲದಂತೆ ಬಿಗಿಯಾಗಿ ಮಾಡಿದ ಪೆಟ್ಟಿಗೆ ಖಾಲಿಯಿದ್ದಾಗ ಎಲ್ಲಕ್ಕಿಂತ ಹೆಚ್ಚು ಬಿಸಿಯಾಗುತ್ತದೆ, ಮಕ್ಕಳು ಚಪ್ಪಾಳೆ ತಟ್ಟುತ್ತಾರೆ. ಒಂದೊಂದು ಲೀಟರ್ ನೀರಿಟ್ಟ ಕೂಡಲೇ ಅಗಲ ಗಾಜಿನ ದೊಡ್ಡ ಪೆಟ್ಟಿಗೆ ಮುಂದೆ ಹೋಗುತ್ತದೆ, ಏಕೆಂದರೆ ಹೆಚ್ಚು ಬಿಸಿಲನ್ನು ಹಿಡಿಯುವುದು ಅದೇ. ಹೊಳೆಯುವ ಸ್ಟೀಲ್ ಡಬ್ಬಿಗಿಂತ ಹೊರಗೆ ಕಪ್ಪು ಬಳಿದ ಪಾತ್ರೆ ಬೇಗ ಕಾಯುತ್ತದೆ.

ನೀವೂ ಮನೆಯಲ್ಲಿ ನೋಡಬಹುದು. ಗಾಳಿಯಿಲ್ಲದ ತಿಳಿ ದಿನ ಬೆಳಗಿನ ಹತ್ತರಿಂದ ಮಧ್ಯಾಹ್ನ ಎರಡರ ಒಳಗೆ, ಪಾತ್ರೆಯಲ್ಲಿ ಒಂದು ಲೀಟರ್ ನೀರಿಟ್ಟು ಹತ್ತು ಹತ್ತು ನಿಮಿಷಕ್ಕೆ ಉಷ್ಣತೆ ಬರೆದುಕೊಳ್ಳಿ. ಜ್ವರ ನೋಡುವ ಥರ್ಮಾಮೀಟರು ಬೇಡ, ಒಡೆದೀತು, ಪ್ರಯೋಗಶಾಲೆಯದು ಬೇಕು. ಹತ್ತು ನಿಮಿಷದಲ್ಲಿ ಏರಿದ ಡಿಗ್ರಿಗಳನ್ನು ಏಳರಿಂದ ಗುಣಿಸಿದರೆ ಒಲೆಯ ಶಕ್ತಿ ವ್ಯಾಟ್‌ಗಳಲ್ಲಿ ಸಿಗುತ್ತದೆ. ಆರು ಡಿಗ್ರಿ ಏರಿದರೆ 42 ವ್ಯಾಟ್, ಅಂದರೆ ಹಳೆಯ ಕಾಲದ ಒಂದು ಸಣ್ಣ ಬಲ್ಬಿನಷ್ಟು! ನೀರು ತಣ್ಣಗಿರುವಾಗ ಎಲ್ಲ ಒಲೆಗಳೂ ಜಾಣರೇ. ಹೊರಗಿನ ಗಾಳಿಗಿಂತ ನೀರು 50 ಡಿಗ್ರಿ ಹೆಚ್ಚು ಬಿಸಿಯಾದ ಮೇಲೆ ಎಷ್ಟು ಏರುತ್ತದೆ ಎಂಬುದೇ ನಿಜವಾದ ಅಂಕ. ಬಿಸಿಲನ್ನು ಅಳೆಯುವ ಉಪಕರಣ ಇಲ್ಲದಿದ್ದರೆ ಎರಡು ಒಲೆಗಳನ್ನು ಒಂದೇ ದಿನ ಪಕ್ಕಪಕ್ಕದಲ್ಲಿಟ್ಟು ಹೋಲಿಸಿದರಾಯಿತು.

ಇಷ್ಟು ಕಡಿಮೆ ಶಕ್ತಿಯ ಒಲೆ ಅವಸರದ ಅಡುಗೆಗೆ ಒದಗದು. ಆದರೆ ಶಾಲೆ, ಕಚೇರಿಗೆ ಹೊರಡುವವರು ಬೇಳೆ, ಅಕ್ಕಿಗಳನ್ನು ನೀರು ಹಾಕಿ ಇಟ್ಟುಹೋದರೆ ತಳ ಹತ್ತದೆ, ಉಕ್ಕದೆ, ಕಾಯುವವರಿಲ್ಲದೆ ಬೇಯುತ್ತದೆ. ಹಾಗಾಗಿ ಮಕ್ಕಳು ಬರೆಯುವ ಕೋಷ್ಟಕದಲ್ಲಿ ನೀರಿನ ಉಷ್ಣತೆಯ ಪಕ್ಕದಲ್ಲಿ ನಾನು ಇನ್ನೂ ಮೂರು ಕಾಲಂ ಹಾಕಿಸುತ್ತೇನೆ: ಎಷ್ಟು ಮಂದಿಗೆ ಊಟವಾಯಿತು, ಎಷ್ಟು ಹೊತ್ತಿಗೆ ಆಯಿತು, ಅಮ್ಮ ಎಷ್ಟು ಸಲ ಬಿಸಿಲಿಗೆ ಎದ್ದುಹೋಗಬೇಕಾಯಿತು.