ಪಿಸುಮಾತು ಮತ್ತು ಗಟ್ಟಿದನಿ: ಯೆಹೂದಿ ‘ಅಮೀದಾ’ ಪ್ರಾರ್ಥನೆಯ ಎರಡು ಪಠಣಗಳು

ಕ್ರಿ.ಶ. 70ರಲ್ಲಿ ರೋಮನ್ ಸೇನೆ ಜೆರುಸಲೇಮಿನ ದೇವಾಲಯವನ್ನು ನಾಶಮಾಡಿತು. ಅದರೊಂದಿಗೆ ಬಲಿಪೂಜೆ ನಿಂತಿತು. ಬಲಿಯ ಹೊತ್ತುಗಳು ಮಾತ್ರ ಉಳಿದವು. ಬೆಳಗಿನ ‘ಶಖರಿತ್’, ಮಧ್ಯಾಹ್ನದ ‘ಮಿನ್ಖಾ’ ಪ್ರಾರ್ಥನೆಗಳನ್ನು ಯೆಹೂದಿ ಧರ್ಮಶಾಸ್ತ್ರ ಗ್ರಂಥವಾದ ತಾಲ್ಮುದ್ ನಿತ್ಯಬಲಿಯ ಎರಡು ವೇಳೆಗಳಿಗೆ ಜೋಡಿಸುತ್ತದೆ. ಇವುಗಳ ತಿರುಳಾದ ‘ಅಮೀದಾ’ವನ್ನು, ಎಂದರೆ ನಿಂತು ಮಾಡುವ ಪ್ರಾರ್ಥನೆಯನ್ನು, ಹತ್ತು ಮಂದಿ ಸೇರಿದಲ್ಲಿ ಎರಡು ಸಲ ಹೇಳುತ್ತಾರೆ: ಮೊದಲು ಪ್ರತಿಯೊಬ್ಬರೂ ತಮ್ಮಷ್ಟಕ್ಕೆ, ಆಮೇಲೆ ಮುಂದಾಳು ಎಲ್ಲರಿಗೂ ಕೇಳುವಂತೆ. ಹತ್ತರಲ್ಲಿ ಸ್ತ್ರೀಯರನ್ನು ಎಣಿಸುವ ಪಂಗಡಗಳೂ ಇವೆ, ಎಣಿಸದವೂ ಇವೆ. ಒಂದೇ ಪಾಠ ಎರಡು ಸಲ ಏಕೆ ಎಂಬುದು ಇಲ್ಲಿನ ಪ್ರಶ್ನೆ.

ಮೊದಲ ಪಠಣಕ್ಕೆ ಮಾದರಿ ಬೈಬಲಿನ ಹನ್ನ. ಮಗುವಿಗಾಗಿ ಮೊರೆಯಿಟ್ಟಾಗ ಅವಳ ತುಟಿ ಅಲುಗಿತು, ದನಿ ಹೊರಬೀಳಲಿಲ್ಲ. ಯಾಜಕ ಏಲಿ ಅವಳು ಕುಡಿದಿದ್ದಾಳೆಂದೇ ತಿಳಿದ. ಸಮುವೇಲನ ಗ್ರಂಥದ ಈ ಪ್ರಸಂಗದಿಂದಲೇ ತಾಲ್ಮುದಿನ ಪಂಡಿತರು ಪಿಸುಮಾತಿನ ವಿಧಿಯನ್ನು ಹೊರತೆಗೆದರು. ಪಾದಗಳನ್ನು ಜೋಡಿಸಿ, ಜೆರುಸಲೇಮಿನ ಕಡೆ ಮುಖಮಾಡಿ ನಿಲ್ಲಬೇಕು. ತುಟಿ ಅಲುಗಬೇಕು, ಆದರೆ ಪಕ್ಕದವರಿಗೆ ಕೇಳಿಸಬಾರದು. ತಾಲ್ಮುದಿನ ಯುಗದ ಪಂಡಿತರಿಗೆ ಇಲ್ಲಿ ಹೆಣ್ಣೊಬ್ಬಳ ಸಂಕಟವೇ ಶಾಸ್ತ್ರವಾಯಿತೆಂಬುದನ್ನು ನಾವು ಇನ್ನಷ್ಟು ಗಮನಿಸಬೇಕಿತ್ತು.

ಎರಡನೆಯ ಪಠಣದ ಬಗ್ಗೆ ವಾದವಿತ್ತು. ಮುಂದಾಳು ಹೇಳಿದರೆ ಎಲ್ಲರ ಕರ್ತವ್ಯವೂ ಸಂದಂತೆ ಎಂದರು ಪಂಡಿತ ರಬ್ಬಾನ್ ಗಮಲಿಯೇಲ್. ಬಲ್ಲವರು ತಾವೇ ಹೇಳಿಕೊಳ್ಳಬೇಕು, ಮುಂದಾಳಿನ ಪಠಣ ಬಾರದವರಿಗಾಗಿ ಎಂದರು ಉಳಿದ ಪಂಡಿತರು. ಈಜಿಪ್ಟಿನಲ್ಲಿ ನೆಲಸಿದ್ದ ಧರ್ಮಪಂಡಿತ ಮೈಮೊನಿಡಿಸ್ (1138–1204) ಒಂದು ಕಹಿಸತ್ಯವನ್ನು ಕಂಡರು: ತಮ್ಮ ಪಾಲಿನದು ಮುಗಿದ ಕೂಡಲೇ ಜನ ಹರಟೆಗೆ ಇಳಿಯುತ್ತಿದ್ದರು, ಉಗುಳುತ್ತಿದ್ದರು, ಅದನ್ನು ಕಂಡ ನೆರೆಯ ಮುಸ್ಲಿಮರ ಮುಂದೆ ದೇವರ ನಾಮಕ್ಕೆ ಅಪಚಾರವಾಗುತ್ತಿತ್ತು. ಅವರು ಎರಡನ್ನೂ ಕೂಡಿಸಿ ಒಂದೇ ಗಟ್ಟಿಪಠಣ ಮಾಡಿಸಿದರು. ಶತಮಾನಗಳ ನಂತರ, 16ನೆಯ ಶತಮಾನದಲ್ಲಿ, ಈಜಿಪ್ಟಿನ ರಬ್ಬಿ ದಾವೀದ್ ಇಬ್ನ್ ಅಬಿ ಝಿಮ್ರಾ ಹಳೆಯ ಕ್ರಮವನ್ನೇ ಮರಳಿ ತಂದರು.

ಅಚ್ಚಿನ ಪ್ರಾರ್ಥನಾ ಪುಸ್ತಕ ಎಲ್ಲರ ಕೈಸೇರಿದ ಮೇಲೂ ಎರಡನೆಯ ಪಠಣ ಅಳಿಯಲಿಲ್ಲ. ಬಾರದವರಿಗಾಗಿ ಎಂಬ ಕಾರಣವೊಂದೇ ಆಗಿದ್ದರೆ ಅದು ಅಂದೇ ಸೊರಗುತ್ತಿತ್ತು. ನನ್ನ ದೃಷ್ಟಿಯಲ್ಲಿ ಅದನ್ನು ಉಳಿಸಿದ್ದು, ಒಬ್ಬಂಟಿಯಾಗಿ ಹೇಳಲಾಗದ ಭಾಗಗಳು. ‘ಕೆದುಶಾ’ ಎಂಬ ಭಾಗ ಬಂದಾಗ ‘ಪರಿಶುದ್ಧ’ ಎಂಬ ಮಾತು ಮೂರು ಸಲ ಮೊಳಗುತ್ತದೆ, ಪ್ರತಿ ಸಲವೂ ಜನರ ಹಿಮ್ಮಡಿಗಳು ನೆಲಬಿಟ್ಟು ಏಳುತ್ತವೆ. ಪ್ರತಿ ಸ್ತುತಿಗೂ ‘ಆಮೆನ್’ ಎಂಬ ಒಕ್ಕೊರಲು ಬೇಕು.

ಆದರೂ ಈ ಒಕ್ಕೊರಲಿನ ನಡುವೆ ಒಂದು ಬಿರುಕನ್ನು ಬೇಕೆಂದೇ ಬಿಟ್ಟಿದ್ದಾರೆ. ‘ಮೊದೀಮ್’ ಎಂಬ ಕೃತಜ್ಞತಾ ಸ್ತುತಿಗೆ ಮುಂದಾಳು ಬಾಗಿದಾಗ ಸಭೆಯೂ ಬಾಗುತ್ತದೆ, ಆದರೆ ಆಮೆನ್‌ಗಾಗಿ ಕಾಯದೆ ಬೇರೆಯದೇ ಪಾಠವೊಂದನ್ನು ಮೆಲುದನಿಯಲ್ಲಿ ಹೇಳುತ್ತದೆ. 14ನೆಯ ಶತಮಾನದ ಸೆವಿಲ್ಲೆಯ ದಾವೀದ್ ಅಬುದರ್ಹಾಮ್ ಇದಕ್ಕೆ ಕೊಟ್ಟ ವಿವರಣೆ ನೇರವಾದದ್ದು: ಬೇಡಿಕೆಯನ್ನು ಇನ್ನೊಬ್ಬರ ಕೈಲಿ ಕಳಿಸಬಹುದು, ಕೃತಜ್ಞತೆಯನ್ನು ತನ್ನ ಬಾಯಿಂದಲೇ ಹೇಳಬೇಕು.