ದೀನಾ ಪಾಠಕ್ (1922–2002)

ಗುಜರಾತಿನ ಅಮ್ರೇಲಿಯಲ್ಲಿ ದೀನಾ ಗಾಂಧಿಯಾಗಿ ಜನಿಸಿ, 1940ರ ದಶಕದಲ್ಲಿ 'ಇಪ್ಟಾ' ಎಂದೇ ಹೆಸರಾದ ಭಾರತೀಯ ಜನನಾಟ್ಯ ಸಂಘದ ಮೂಲಕ ರಂಗಭೂಮಿಯಲ್ಲಿ ತೊಡಗಿಕೊಂಡ ಈ ನಟಿ, ಮುಂದೆ ಅಹಮದಾಬಾದಿನ ನಟಮಂಡಲದಲ್ಲಿ ರಸಿಕಲಾಲ್ ಪರೀಖರ 'ಮೇನಾ ಗುರ್ಜರಿ'ಯ ನಾಯಕಿಯಾಗಿ ಮನೆಮಾತಾದರು. ಈ ನಾಟಕಕ್ಕೆ ಆಧಾರವಾದ ಭವಾಯಿಯು ಭುಂಗಳ ಎಂಬ ನೀಳವಾದ ತಾಮ್ರದ ಕಹಳೆ ಮೊಳಗುತ್ತಿದ್ದಂತೆ ಜನರ ನಡುವೆಯೇ ಬಯಲಿನಲ್ಲಿ ನಡೆಯುವ ಗುಜರಾತಿ ಜಾನಪದ ಆಟವಾಗಿದ್ದು, ನಮ್ಮ ಯಕ್ಷಗಾನದಂತೆ ಅಲ್ಲಿಯೂ ಸ್ತ್ರೀವೇಷವನ್ನು ಪರಂಪರೆಯಿಂದ ಗಂಡಸರೇ ಕಟ್ಟುತ್ತಿದ್ದುದರಿಂದ, ಹೆಣ್ಣೊಬ್ಬಳು ಮೇನಾಳಾಗಿ ರಂಗಕ್ಕೆ ಬಂದದ್ದು ಸಣ್ಣ ಮಾತಲ್ಲ.

1948ರ 'ಕರಿಯಾವರ್' ಎಂಬ ಗುಜರಾತಿ ಚಿತ್ರದಲ್ಲಿ ನಟಿಸಿದರೂ ಅವರು ದೀರ್ಘಕಾಲ ರಂಗಭೂಮಿಯಲ್ಲೇ ಉಳಿದರು. ಸಿನಿಮಾದ ಖ್ಯಾತಿ ದೊರೆತದ್ದು ಬಹುಮಟ್ಟಿಗೆ ನಡುವಯಸ್ಸು ದಾಟಿದ ಮೇಲೆ. 'ಗೋಲ್‌ಮಾಲ್'ನಲ್ಲಿ (1979) ಸುಳ್ಳು ತಾಯಿಯಾಗಿ ನಗಿಸಿದ ಅವರೇ 'ಖೂಬ್‌ಸೂರತ್'ನಲ್ಲಿ (1980) ಮನೆಯವರನ್ನೆಲ್ಲ ಶಿಸ್ತಿನಲ್ಲಿಟ್ಟ ಯಜಮಾನಿ. ಅದೇ ವರ್ಷ ಕೇತನ್ ಮೆಹ್ತಾರ 'ಭವನಿ ಭವಾಯಿ' ಅವರನ್ನು ಮತ್ತೆ ಹಳೆಯ ಆಟದ ಲೋಕಕ್ಕೆ ಕರೆತಂದಿತು. ಡೇವಿಡ್ ಲೀನ್ ನಿರ್ದೇಶನದ 'ಎ ಪ್ಯಾಸೇಜ್ ಟು ಇಂಡಿಯಾ'ದಲ್ಲೂ (1984) ಅವರು ಅಭಿನಯಿಸಿದ್ದು, ಕೊನೆಯ ಚಿತ್ರ 'ಪಿಂಜರ್' 2003ರಲ್ಲಿ, ಅವರ ನಿಧನಾನಂತರ ತೆರೆಕಂಡಿತು. ನಟಿಯರಾದ ರತ್ನಾ ಪಾಠಕ್ ಶಾ ಮತ್ತು ಸುಪ್ರಿಯಾ ಪಾಠಕ್ ಅವರ ಪುತ್ರಿಯರು.