ಹಿರಿಯಕ್ಕನ ಪರವಾಗಿ ನಾಲ್ಕು ಮಾತು

ದಾವಣಗೆರೆಯ ಓದುಗರೊಬ್ಬರು ಕಾಗದ ಬರೆದಿದ್ದಾರೆ. ವಯಸ್ಸು 61 ಅಂತೆ. ಬಸ್ಸಿನಲ್ಲಿ ಅವರು ‘ಹಿರಿಯ ನಾಗರಿಕ’, ಹಾಲಿನ ಬೂತಿನ ಹುಡುಗನಿಗೆ ‘ಅಂಕಲ್’. ಇಷ್ಟಕ್ಕೆ ತಕರಾರಿಲ್ಲ. ಆದರೆ ಈಚೆಗೆ ಸ್ಕೂಟರಿನಿಂದ ಬಿದ್ದು ಮೊಣಕೈ ತರಚಿಕೊಂಡಾಗ ಊರಿನ ಪತ್ರಿಕೆಯೊಂದು ‘ವೃದ್ಧನಿಗೆ ಗಾಯ’ ಎಂದು ಬರೆಯಿತಂತೆ. ‘ಗಾಯಕ್ಕಿಂತ ಆ ಪದವೇ ಹೆಚ್ಚು ಉರಿಯಿತು. ಹಿರಿಯರು ಅನ್ನಬಹುದಿತ್ತಲ್ಲವೇ?’ ಎಂದು ಕೇಳಿದ್ದಾರೆ.

ಅನ್ನುವುದು ಕಷ್ಟ ಸ್ವಾಮಿ. ‘ಹಿರಿಯರಿಗೆ ಗಾಯ’ ಎಂದು ಬರೆದರೆ ಓದಿದವರು ‘ಯಾರ ಮನೆ ಹಿರಿಯರು?’ ಎಂದು ಕೇಳುತ್ತಾರೆ. ಒಬ್ಬನೇ ಕೂತು ಮುದುಕನಾಗಬಹುದು, ಒಬ್ಬನೇ ಕೂತು ಹಿರಿಯನಾಗಲು ಬರುವುದಿಲ್ಲ. ಎದುರಿಗೆ ಕಿರಿಯರು ಯಾರಾದರೂ ಇರಬೇಕು, ಅವರು ಒಪ್ಪಿಕೊಳ್ಳಬೇಕು. ಹಳಗನ್ನಡದ ‘ಪಿರಿದು’ ಈಗಿನ ‘ಹಿರಿದು’ ಆದ ಕಥೆಯನ್ನು ನಿಮ್ಮ ಕನ್ನಡ ಮೇಷ್ಟ್ರು ಹೇಳಿರುತ್ತಾರೆ, ನಾನು ಆ ತಂಟೆಗೆ ಹೋಗುವುದಿಲ್ಲ.

ಸರ್ಕಾರಕ್ಕಂತೂ ಹಿರಿಯ ಅಂದರೆ ಎಷ್ಟು ವಯಸ್ಸು ಎಂಬುದು ಇನ್ನೂ ಇತ್ಯರ್ಥವಾಗಿಲ್ಲ. ‘ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ’ ಎಂಬ ಬೋರ್ಡಿನ ಕೆಳಗೆ ಚಡ್ಡಿ ಎಳೆದುಕೊಳ್ಳುತ್ತ ಓಡುವ ಆರನೇ ಕ್ಲಾಸಿನ ಪೋರ ಒಬ್ಬ ಹಿರಿಯ. ಹಿರಿಯರ ಮನೆ, ಚಿಂತಕರ ಚಾವಡಿ ಎಂದೆಲ್ಲ ನಾವು ಹೊಗಳುವ 75 ಸದಸ್ಯರ ವಿಧಾನ ಪರಿಷತ್ತಿಗೆ ಹೋಗಲು 30 ತುಂಬಿದ್ದರೆ ಸಾಕು. ಕೆಎಸ್‌ಆರ್‌ಟಿಸಿ ಬಸ್ಸಿನಲ್ಲಿ ಶೇ 25ರ ರಿಯಾಯಿತಿ ಬೇಕೆಂದರೆ 60 ಆಗಿರಬೇಕು, ವಯಸ್ಸು ತೋರಿಸುವ ಗುರುತಿನ ಚೀಟಿ ಕೈಯಲ್ಲಿರಬೇಕು. ರೈಲ್ವೆಯವರು 2020ರ ಮಾರ್ಚಿನಲ್ಲಿ ರಿಯಾಯಿತಿ ನಿಲ್ಲಿಸಿದ ಮೇಲೆ, ಟಿಕೆಟ್ ದರದ ಮಟ್ಟಿಗೆ, ಹಳಿಗಳ ಮೇಲೆ ಹಿರಿಯರೇ ಇಲ್ಲ. ಇನ್ನು ನಮ್ಮ ಪತ್ರಿಕೆಯವರು: ಅವಕಾಶ ನಿಂತವರು ಹಿರಿಯ ನಟರು, ಮಂತ್ರಿಗಿರಿ ತಪ್ಪಿದವರು ಪಕ್ಷದ ಹಿರಿಯ ನಾಯಕರು. ಕಾಲೇಜಿನಲ್ಲಿ ಇಪ್ಪತ್ತರ ಹುಡುಗನೇ ‘ಸೀನಿಯರ್’. ಅವನಿಗೆ ಸಿಗುವ ನಮಸ್ಕಾರದ ಅರ್ಧ ಪಾಠ ಹೇಳುವವರಿಗೆ ಸಿಗುವುದಿಲ್ಲ.

ಈ ಪದ ತನ್ನ ಅತ್ಯಂತ ದೊಡ್ಡ ಅನ್ಯಾಯಕ್ಕೆ ಸಾಕ್ಷಿಯಾಗಿ ನಿಂತಿರುವುದು ಒಂದು ಗಾದೆಯಲ್ಲಿ. ‘ಹಿರಿಯಕ್ಕನ ಚಾಳಿ ಮನೆಮಂದಿಗೆಲ್ಲಾ.’ ಟಿವಿಯವರು ದಿನಾ ರಾತ್ರಿ ಇದನ್ನು ಯಾವುದಾದರೂ ಪಕ್ಷದ ತಲೆಗೆ ಕಟ್ಟಿ ನಗುತ್ತಾರೆ. ಗಾದೆ ಎಂದರೆ ಹಿರಿಯರು ಕಿರಿಯರಿಗೆ ಹೇಳಿದ ಬುದ್ಧಿಮಾತು ಎಂದು ನಾವೆಲ್ಲ ನಂಬಿದ್ದೇವೆ. ಈ ಗಾದೆ ಹಾಗಲ್ಲವೆಂದು ನನ್ನ ಬಲವಾದ ಗುಮಾನಿ.

ನೀವೇ ನೋಡಿ. ಅಕ್ಕ ಎಂದಮೇಲೆ ಹಿರಿಯಳೇ. ಅವಳ ಹಿಂದೆ ಮತ್ತೊಂದು ‘ಹಿರಿಯ’ ಯಾಕೆ ಬಂತು? ಒಬ್ಬಳೇ ಅಕ್ಕ ಇರುವವರು ಬರೀ ‘ಅಕ್ಕ’ ಅನ್ನುತ್ತಾರೆ. ‘ಹಿರಿಯಕ್ಕ’ ಅನ್ನಬೇಕಾದರೆ ಕಿರಿಯಕ್ಕನೂ ಒಬ್ಬಳಿರಬೇಕು. ಅಂದರೆ ಈ ಗಾದೆ ಕಟ್ಟಿದ ಜೀವ ಆ ಮನೆಯ ಮೂರನೆಯದೋ, ಅದಕ್ಕಿಂತ ಚಿಕ್ಕದೋ! ಅಪ್ಪ ಅಮ್ಮ ಅವಳನ್ನು ಅಕ್ಕ ಅನ್ನುವುದಿಲ್ಲ, ಅತ್ತೆಯೂ ಅನ್ನುವುದಿಲ್ಲ. ಯಾವುದೋ ತುಂಟತನಕ್ಕೆ ಬೆನ್ನಿಗೆ ಗುದ್ದು ತಿಂದ ಕಿರಿಮಗುವೊಂದು ‘ನನಗೊಬ್ಬಳಿಗೇ ಯಾಕೆ? ಹಿರಿಯಕ್ಕ ಮಾಡುವುದನ್ನೇ ಎಲ್ಲರೂ ಮಾಡುತ್ತಾರೆ’ ಎಂದು ವಾದ ಹೂಡಿದೆ. ‘ಮನೆಮಂದಿಗೆಲ್ಲಾ’ ಎಂಬುದರಲ್ಲಿ ಅಪ್ಪ, ಅಮ್ಮ, ತಾತನೂ ಸೇರಿಬಿಟ್ಟರು. ಅಷ್ಟು ಧಾರಾಳವಾದ ಉತ್ಪ್ರೇಕ್ಷೆ ಮಕ್ಕಳಿಗಲ್ಲದೆ ಯಾರಿಗೆ ಬರುತ್ತದೆ? ಹೀಗೆ ತಪ್ಪಿಸಿಕೊಳ್ಳಲು ಆಡಿದ ಮಾತನ್ನು ದೊಡ್ಡವರು ಎತ್ತಿಟ್ಟುಕೊಂಡು ಗಾದೆ ಮಾಡಿದರು. ಯಾವ ಭಾಷಾ ವಿದ್ವಾಂಸರೂ ಇದನ್ನು ಒಪ್ಪಲಿಕ್ಕಿಲ್ಲ, ನನಗೆ ಚಿಂತೆಯಿಲ್ಲ.

‘ಚಾಳಿ’ ಎಂಬ ಪದವನ್ನೂ ಗಮನಿಸಿ. ಒಳ್ಳೆಯ ಚಾಳಿ ಎಂದು ಯಾರೂ ಹೇಳುವುದಿಲ್ಲ. ನಮ್ಮ ದೊಡ್ಡಮ್ಮ ಏಳು ಮಕ್ಕಳಲ್ಲಿ ಮೊದಲನೆಯವರು. ಹುಣಿಸೆಹಣ್ಣಿಗೆ ಉಪ್ಪು ಖಾರ ಕುಟ್ಟಿ, ಉಂಡೆ ಕಟ್ಟಿ, ಲಂಗದ ಜೇಬಿನಲ್ಲಿ ಬಚ್ಚಿಟ್ಟುಕೊಳ್ಳುತ್ತಿದ್ದರಂತೆ. ತಂಗಿ ತಮ್ಮಂದಿರಿಗೂ ಅದೇ ಅಂಟಿಕೊಂಡು, ಮನೆಯ ಹುಣಿಸೆಹಣ್ಣಿನ ಮಡಕೆ ಯುಗಾದಿಗೆ ಮೊದಲೇ ಬರಿದಾಗುತ್ತಿತ್ತು. ಅಜ್ಜಿ ಪ್ರತಿ ಸಲವೂ ತಪ್ಪದೆ ಗಾದೆ ಎತ್ತುತ್ತಿದ್ದರು. ಅದೇ ದೊಡ್ಡಮ್ಮ ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟು, ಕಂಕುಳಲ್ಲಿ ಒಂದು ಕೂಸು ಹೊತ್ತು ಉಳಿದವರ ಜಡೆ ಹೆಣೆದು ಶಾಲೆಗೆ ಕಳಿಸಿದರು. ಸಂಜೆ ಅವರ ಮಗ್ಗಿ ಕೇಳಿಸಿಕೊಂಡು ತಾವೂ ಹದಿನಾರರ ಮಗ್ಗಿ ಕಲಿತರು. ಇದಕ್ಕೆ ಅಜ್ಜಿಯ ಬಳಿ ಗಾದೆಯಿರಲಿಲ್ಲ. ಕನ್ನಡದಲ್ಲೇ ಇಲ್ಲ. ಇಷ್ಟೊಂದು ಗಾದೆಗಳಿರುವ ಭಾಷೆಯಲ್ಲಿ ಹಿರಿಯಕ್ಕನ ದುಡಿಮೆಗೆ ಒಂದೂ ಇಲ್ಲದಿರುವುದು ನಾಚಿಕೆಗೇಡು.

ಊರುಗಳ ವಿಷಯದಲ್ಲೂ ಹಿರಿಮಗಳಿಗೆ ಇದೇ ಪಾಡು. ಸಖರಾಯಪಟ್ಟಣದ ರುಕ್ಮಾಂಗದ ಹಿರಿಯ ಮಗಳಿಗೆ ಒಂದೂರು, ಚಿಕ್ಕ ಮಗಳಿಗೆ ಒಂದೂರು ಬಳುವಳಿ ಕೊಟ್ಟನೆಂದು ಐತಿಹ್ಯ. ಚಿಕ್ಕಮಗಳ ಊರು ಜಿಲ್ಲೆಯಾಯಿತು, ಕಾಫಿಗೆ ಹೆಸರಾಯಿತು. ಹಿರೇಮಗಳೂರು ಅದರ ಮಗ್ಗುಲಲ್ಲಿ ಉಳಿದು, ಕೋದಂಡರಾಮನಿಗೆ ಕನ್ನಡದಲ್ಲಿ ಮಂತ್ರ ಹೇಳಿ ಹೆಸರು ಉಳಿಸಿಕೊಂಡಿದೆ. 2007ರಲ್ಲಿ ಚಿಕ್ಕಬಳ್ಳಾಪುರಕ್ಕೆ ಜಿಲ್ಲೆಯ ಪಟ್ಟ ಸಿಕ್ಕಿತು, ದೊಡ್ಡಬಳ್ಳಾಪುರ ತಾಲ್ಲೂಕಾಗಿಯೇ ಇದೆ. ಬೆಳಗಾವಿ ಸೀಮೆಯ ಹಿರೇಬಾಗೇವಾಡಿಗೆ ಮಾತ್ರ ಹೆದ್ದಾರಿ ಒಲಿಯಿತು, ಜೊತೆಗೆ ಟೋಲ್ ಗೇಟೂ ಬಂತು.

ಹಳೇ ಮೈಸೂರಿನ ಕಡೆ ‘ಹಿರಿಯರ ಹಬ್ಬ’ ಎಂದರೆ ಸತ್ತವರ ಹಬ್ಬ. ಮಹಾಲಯ ಅಮಾವಾಸ್ಯೆಗೆ ಹೊಸ ಬಟ್ಟೆ ಇಟ್ಟು, ಅವರವರಿಗೆ ಇಷ್ಟವಾದದ್ದನ್ನೆಲ್ಲ ಬಡಿಸಿ ಎಡೆ ಇಡುತ್ತಾರೆ. ಮಾಂಸದಡುಗೆ, ಬೀಡಿ, ಬೆಂಕಿಪೊಟ್ಟಣ, ಕೆಲವು ಮನೆಗಳಲ್ಲಿ ಕ್ವಾರ್ಟರ್ ಬಾಟಲಿಯೂ ಉಂಟು. ಬದುಕಿದ್ದಾಗ ‘ಶುಗರ್ ಇದೆ’ ಎಂದು ತಟ್ಟೆಯಿಂದ ಒಬ್ಬಟ್ಟು ಎತ್ತಿಕೊಂಡವರೇ ಈಗ ಎರಡೆರಡು ಹಾಕುತ್ತಾರೆ.

ಬದುಕಿರುವ ಹಿರಿಯರಿಗೆ ಆಡುಮಾತಿನಲ್ಲಿ ಇನ್ನೊಂದು ಹೆಸರಿದೆ: ಹೇಳೋರು ಕೇಳೋರು. ‘ಆ ಹುಡುಗನಿಗೆ ಹೇಳೋರು ಕೇಳೋರು ಯಾರೂ ಇಲ್ವಾ?’ ಅನ್ನುತ್ತೇವಲ್ಲ, ಅದು. ಹಿರಿಯರ ಕೆಲಸದ ಪಟ್ಟಿ ಪೂರ್ತಿ ಆ ಎರಡು ಪದಗಳಲ್ಲಿದೆ, ವಯಸ್ಸಿನ ಸುದ್ದಿಯೇ ಇಲ್ಲ. ಉತ್ತರ ಕರ್ನಾಟಕದಲ್ಲಿ ಊರ ಹಿರಿಯರು ಕೂಡಿ ಕೂತರೆ ಆ ಸಭೆಗೆ ‘ದೈವ’ ಎಂದೇ ಹೆಸರು. ಅಷ್ಟು ಎತ್ತರಕ್ಕೆ ಕೂರಿಸಿದ್ದು ಅತಿಯಾಯಿತು ಎಂದು ನನಗನ್ನಿಸುತ್ತದೆ. ಜಾತಿ ಮೀರಿ ಮದುವೆಯಾದವರಿಗೆ ದಂಡ ಹಾಕಿದ್ದು, ಬಡವರ ಮನೆಗೆ ಊರಿನ ನೀರು ಬೆಂಕಿ ತಪ್ಪಿಸಿದ್ದು ಇಂಥ ಕಟ್ಟೆಗಳ ಮೇಲೆಯೇ. ಅಲ್ಲಿ ಹೇಳೋರು ಬೇಕಾದಷ್ಟಿದ್ದರು, ಕೇಳಿಸಿಕೊಳ್ಳೋರು ಇರಲಿಲ್ಲ.

ಈಗ ಹೇಳೋರು, ಕೇಳೋರು ಇಬ್ಬರ ಕೆಲಸವನ್ನೂ ಉಪವಿಭಾಗಾಧಿಕಾರಿಗಳ (ಎಸಿ) ಕಚೇರಿ ಮಾಡುತ್ತಿದೆ. ಹಿರಿಯ ನಾಗರಿಕರ ಪೋಷಣೆಗೆಂದು 2007ರಲ್ಲಿ ಬಂದ ಕಾಯ್ದೆಯ ಪ್ರಕಾರ ನೋಡಿಕೊಳ್ಳದ ಮಕ್ಕಳಿಂದ ತಂದೆತಾಯಿ ತಿಂಗಳಿಗೆ 10,000 ರೂಪಾಯಿವರೆಗೆ ಜೀವನಾಂಶ ಪಡೆಯಬಹುದು. ನೋಡಿಕೊಳ್ಳಬೇಕೆಂಬ ಷರತ್ತಿನ ಮೇಲೆ ಬರೆದುಕೊಟ್ಟ ದಾನಪತ್ರವನ್ನು, ಮಕ್ಕಳು ಮಾತು ತಪ್ಪಿದರೆ, 23ನೇ ಕಲಂ ಅಡಿ ರದ್ದು ಮಾಡಿಸಬಹುದು. ಒಳ್ಳೆಯ ಕಾಯ್ದೆ. ಎಸಿ ಕೋರ್ಟಿನ ವರಾಂಡದಲ್ಲಿ ಫೈಲು ಹಿಡಿದು ಕೂತ ತಾಯಿಯನ್ನು ‘ಹಿರಿಯ ನಾಗರಿಕರು ಈ ಕಡೆ ಬನ್ನಿ’ ಎಂದು ಜವಾನ ಕರೆದಾಗ, ಆಕೆ ಯಾರಿಗೆ ಹಿರಿಯಳು ಎಂಬ ಪ್ರಶ್ನೆಗೆ ಉತ್ತರವಾಗಿ ಪ್ರತಿವಾದಿಯ ಹೆಸರಿರುತ್ತದೆ.

ಇಷ್ಟೆಲ್ಲದರ ನಡುವೆ ಈ ಪದ ಕೆಡದೆ ಉಳಿದಿರುವುದು ಮದುವೆಯ ಕರೆಯೋಲೆಯಲ್ಲಿ. ‘ಗುರುಹಿರಿಯರು ನಿಶ್ಚಯಿಸಿರುವಂತೆ’ ಎಂಬ ಸಾಲಿಲ್ಲದೆ ಲಗ್ನಪತ್ರಿಕೆ ಅಚ್ಚಾಗುವುದಿಲ್ಲ. ಹುಡುಗ ಹುಡುಗಿ ಆಫೀಸಿನ ಕ್ಯಾಂಟೀನಿನಲ್ಲಿ ತಾವೇ ನಿಶ್ಚಯಿಸಿಕೊಂಡು, ಹಾಲ್ ಬುಕ್ ಮಾಡಿ, ಕೊನೆಗೆ ಮನೆಗೆ ತಿಳಿಸಿದ್ದರೂ ಕಾರ್ಡಿನಲ್ಲಿ ನಿಶ್ಚಯಿಸಿದವರು ಗುರುಹಿರಿಯರೇ. ಈ ಸುಳ್ಳನ್ನು ನಾನು ಮನಸಾರೆ ಒಪ್ಪುತ್ತೇನೆ, ದಯವಿಟ್ಟು ಯಾರೂ ಅದನ್ನು ತೆಗೆಸಬೇಡಿ. ಆದರೆ ಒಂದು ಉಪಕಾರ ಮಾಡಿ. ಅಚ್ಚಿಗೆ ಕೊಡುವ ಮುಂಚೆ ಕರಡನ್ನು ಮನೆಯ ಅಜ್ಜಿಗೆ ಒಮ್ಮೆ ಓದಿ ಹೇಳಿ. ಯಾವ ಚಿಕ್ಕಪ್ಪನ ಹೆಸರು ಬಿಟ್ಟುಹೋಗಿದೆ, ಯಾವ ಅತ್ತೆಯ ಹೆಸರು ಹಿಂದುಮುಂದಾಗಿದೆ ಎಂದು ಅವರಷ್ಟು ಚೆನ್ನಾಗಿ ಪ್ರೂಫ್ ನೋಡುವವರು ಯಾವ ಪ್ರೆಸ್ಸಿನಲ್ಲೂ ಇಲ್ಲ.